ಮೃದಂಗದ ಎಡಗಡೆ

ವೂಫರನ್ನು ಅಂಗಡಿಯಿಂದ ಕೊಳ್ಳುವುದೋ ಮನೆಯಲ್ಲೇ ಕಟ್ಟುವುದೋ ಎಂದು ನಾನೂ ನನ್ನ ಅಣ್ಣನೂ ಒಂದಿಡೀ ಬೇಸಿಗೆ ಕಿತ್ತಾಡಿದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಣ್ಣ ಮದುವೆಯಾಗಿ ವಿಜಯನಗರದ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದ. ನಾನು ಚಾಮರಾಜಪುರಂನ ಹಳೆಯ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದವಳು. ಅಣ್ಣ ಕಾಮರ್ಸ್ ಓದಿ ವಿಮೆ ಕಚೇರಿ ಸೇರಿದವನು. ಸೋಲ್ಡರಿಂಗ್ ಕಡ್ಡಿಯ ಯಾವ ತುದಿ ಬಿಸಿಯಾಗುತ್ತದೆ ಎಂಬುದನ್ನು ಅವನು ಮುಟ್ಟಿ ನೋಡಿಯೇ ತಿಳಿದುಕೊಂಡಿದ್ದ. ಅಂಥವನು ಧ್ವನಿಯ ವಿಷಯದಲ್ಲಿ ನನಗೆ ಪಾಠ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತಿತ್ತು.

ಕಿತ್ತಾಟ ವೂಫರಿನದಾದರೂ ಅದರ ಮೂಲ ಅಪ್ಪನ ಕಿವಿ. ಅಪ್ಪ ದುಡಿದದ್ದೆಲ್ಲ ನೇಯ್ಗೆ ಗಿರಣಿಯಲ್ಲಿ, ಮಗ್ಗಗಳ ನಡುವೆ. ನಿವೃತ್ತರಾಗುವ ಹೊತ್ತಿಗೆ ಕಿವಿಯ ಒಂದು ಪಾಲನ್ನು ಅಲ್ಲೇ ಬಿಟ್ಟು ಬಂದಿದ್ದರು. ಮೊದಮೊದಲು ಅದು ನಮಗೆ ತಿಳಿಯಲಿಲ್ಲ. ಕುಕ್ಕರ್ ಎಷ್ಟು ಕೂಗಿದರೂ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅಮ್ಮ ಅದನ್ನು ಗಂಡಸರ ಜಾಣ ಕಿವುಡು ಎಂದುಕೊಂಡಿದ್ದಳು. ಪಕ್ಕದಲ್ಲೇ ಫೋನು ಬಡಿದುಕೊಳ್ಳುತ್ತಿದ್ದರೂ ಅವರು ಸುಮ್ಮನೆ ಕೂತಿರುತ್ತಿದ್ದರು. ಆದರೆ ದಸರೆಗೆ ಮುಂಚೆ ಕುಶಾಲತೋಪಿನ ತಾಲೀಮು ಶುರುವಾದರೆ ಮೊದಲ ಗುಂಡಿಗೇ, "ತೋಪು ಆರಿಸ್ತಾವ್ರೆ ಕಣೇ" ಎಂದು ಅಮ್ಮನನ್ನು ಕರೆದು ಹೇಳುತ್ತಿದ್ದರು. ಹಿತ್ತಲಲ್ಲಿ ತೆಂಗಿನಕಾಯಿ ಬಿದ್ದರೆ ಮೊದಲು ಗೊತ್ತಾಗುತ್ತಿದ್ದದ್ದೂ ಅವರಿಗೇ. ಹಾಗಾಗಿ ಅಮ್ಮನ ಅನುಮಾನಕ್ಕೆ ಪೂರ್ತಿ ಆಧಾರವೇನೋ ಇತ್ತು.

ಅಪ್ಪನಿಗಿದ್ದ ಒಂದೇ ಹುಚ್ಚೆಂದರೆ ಸೋಮವಾರದ ಭಜನೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಸೋಮವಾರ ಸಂಜೆ ಹತ್ತಿರದ ಮಠದ ಹಜಾರದಲ್ಲಿ ಒಂದಷ್ಟು ಜನ ಸೇರಿ ವಚನ ಹಾಡುತ್ತಿದ್ದರು. ಒಬ್ಬರು ಹಾರ್ಮೋನಿಯಂ ಹಿಡಿಯುತ್ತಿದ್ದರು, ನಿವೃತ್ತ ಮೇಷ್ಟ್ರೊಬ್ಬರು ಮೃದಂಗ ನುಡಿಸುತ್ತಿದ್ದರು, ಅಪ್ಪ ಹಾರ್ಮೋನಿಯಂ ಪಕ್ಕದಲ್ಲಿ ಕೂತು ಕಂಚಿನ ತಾಳ ಹಾಕುತ್ತಿದ್ದರು. ಅಪ್ಪ ಹಾಡುವವರಲ್ಲ. ಗಂಟಲು ಸುಮಾರು ಎಂದು ಅವರಿಗೇ ಗೊತ್ತಿತ್ತು. ಆದರೆ ತಾಳದಲ್ಲಿ ಅವರದು ಎತ್ತಿದ ಕೈ. ಆ ಜೋಡಿ ತಾಳ ಹಿಡಿದು ಮಠಕ್ಕೆ ಹೊರಟರೆಂದರೆ ಗಿರಣಿಯಲ್ಲಿ ಬಡ್ತಿ ಸಿಕ್ಕಾಗಲೂ ಬಾರದ ಒಂದು ಠೀವಿ ಅವರ ನಡಿಗೆಗೆ ಬರುತ್ತಿತ್ತು.

ಒಂದು ಸೋಮವಾರ ಆ ತಾಳ ತಪ್ಪಿತು. ಮುಂದಿನ ಸೋಮವಾರವೂ ತಪ್ಪಿತು. ಹಾಡು ಒಂದು ಕಡೆ, ಅಪ್ಪನ ತಾಳ ಇನ್ನೊಂದು ಕಡೆ ಹೋಗುತ್ತಿತ್ತಂತೆ. ಅಮ್ಮ ಹೆಂಗಸರ ಸಾಲಿನಲ್ಲಿ ಕೂತು ಸೆರಗು ಹಿಂಡಿಕೊಳ್ಳುತ್ತಿದ್ದಳಂತೆ. ಕೊನೆಗೆ ಯಾರೋ ಒಬ್ಬರು ತುಂಬಾ ಮರ್ಯಾದೆಯಿಂದಲೇ, "ಯಜಮಾನ್ರೇ, ಇವತ್ತು ನೀವು ಆರಾಮಾಗಿ ಕೂತು ಕೇಳಿ" ಎಂದು ಅಪ್ಪನ ಕೈಯಿಂದ ತಾಳ ತೆಗೆದುಕೊಂಡರು. ಅಪ್ಪ ಮನೆಗೆ ಬಂದು ತಾಳವನ್ನು ಒರೆಸಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಗಂಟು ಹಾಕಿ, ದೇವರ ಗೂಡಿನ ಕೆಳಗಿನ ಖಾನೆಗೆ ಸೇರಿಸಿದರು. ಆಮೇಲೆ ಮಠದ ಕಡೆ ಹೋಗಲಿಲ್ಲ. ಕೇಳಿದರೆ ಮಂಡಿ ನೋವು ಎನ್ನುತ್ತಿದ್ದರು. ಮಂಡಿ ನೋಯುವವರು ದಿನಾ ಬೆಳಿಗ್ಗೆ ಮಾರ್ಕೆಟ್ಟಿನವರೆಗೆ ನಡೆದು ಹೋಗಿ ಸೊಪ್ಪು ತರುತ್ತಿದ್ದರು.

ಅಪ್ಪನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದವಳು ನಾನೇ. ಪರೀಕ್ಷೆ ಮಾಡಿದ ಹೆಣ್ಣುಮಗಳು ನನಗೊಂದು ಗೆರೆ ತೋರಿಸಿದಳು. ಆ ಗೆರೆ ಎಡದಲ್ಲಿ ಚೆನ್ನಾಗಿಯೇ ಶುರುವಾಗಿ ಬಲಕ್ಕೆ ಹೋಗುತ್ತಾ ದಡಕ್ಕನೆ ಕೆಳಗೆ ಜಾರುತ್ತಿತ್ತು. "ಇವ್ರಿಗೆ ದಪ್ಪ ಸದ್ದು ಇನ್ನೂ ಸುಮಾರಾಗಿ ಕೇಳ್ಸುತ್ತೆ ಮೇಡಂ. ಸಣ್ಣ ಸದ್ದು, ಚೂಪು ಸದ್ದು ಹೋಗಿದೆ. ಅದು ವಾಪಸ್ ಬರಲ್ಲ" ಎಂದಳು. ಕುಕ್ಕರ್, ಫೋನು, ತಾಳ ಎಲ್ಲ ಯಾಕೆ ಹೋದವು, ತೋಪು ಮತ್ತು ತೆಂಗಿನಕಾಯಿ ಯಾಕೆ ಉಳಿದವು ಎಂದು ಆಗ ಅರ್ಥವಾಯಿತು. ಪಾಪ, ಜಾಣ ಕಿವುಡೇನೂ ಆಗಿರಲಿಲ್ಲ. ಕಿವಿಗೆ ಹಾಕುವ ಮಿಷನ್ನೊಂದನ್ನು ಕೊಡಿಸಿದೆವು. ಅದು ಪಾತ್ರೆ ಸದ್ದನ್ನೂ ಫ್ಯಾನಿನ ಸದ್ದನ್ನೂ ಹಾಡನ್ನೂ ಒಂದೇ ಸಮ ಕಿವಿಗೆ ತುರುಕುತ್ತಿತ್ತು, ನಡುನಡುವೆ ತಾನೂ ಸಿಳ್ಳೆ ಹೊಡೆಯುತ್ತಿತ್ತು. ಅಪ್ಪ ಒಂದು ವಾರ ಸಹಿಸಿಕೊಂಡು, "ಇದು ನಂಗೆ ಸರಿಹೋಗಲ್ಲ ಬುಡಮ್ಮ" ಎಂದು ತೆಗೆದಿಟ್ಟರು. ಅದೂ ದೇವರ ಗೂಡಿನ ಕೆಳಗಿನ ಖಾನೆಗೇ ಹೋಯಿತು.

ಅಂಥ ದಿನಗಳಲ್ಲಿ ಅಣ್ಣನ ಮನೆಗೆ ಹೋಗಿದ್ದೆವು. ಅವನು ಆಗಷ್ಟೇ ಹೋಂ ಥಿಯೇಟರ್ ಕೊಂಡಿದ್ದ. ಟಿವಿಯ ಅಕ್ಕಪಕ್ಕ ಪುಟ್ಟ ಸ್ಪೀಕರುಗಳು, ಮೂಲೆಯಲ್ಲಿ ನೆಲದ ಮೇಲೊಂದು ಕಪ್ಪು ಪೆಟ್ಟಿಗೆ. ಆ ಪೆಟ್ಟಿಗೆಯೇ ವೂಫರ್. ಹಾಡಿನಲ್ಲಿರುವ ತಗ್ಗಿನ ಸದ್ದನ್ನು, ಎದೆಗೆ ಬಂದು ತಾಗುವ ಗುಮ್ಮೆನ್ನುವ ಸದ್ದನ್ನು ಮಾತ್ರ ನುಡಿಸುವುದು ಅದರ ಕೆಲಸ. ಅಣ್ಣ ನಮ್ಮೆದುರು ಜಂಬ ಕೊಚ್ಚಿಕೊಳ್ಳಲು ಯಾವುದೋ ಸಿನಿಮಾ ಹಾಕಿದ. ನಗಾರಿಯ ಸದ್ದು ಬಂತು. ಸೋಫಾದ ತುದಿಯಲ್ಲಿ ಸುಮ್ಮನೆ ಕೂತಿದ್ದ ಅಪ್ಪ ಕಣ್ಣರಳಿಸಿದರು. ಅಂಗೈಯನ್ನು ಸೋಫಾದ ಮೇಲೆ ಒತ್ತಿದರು. ಅವರ ಕಾಲಿನ ಹೆಬ್ಬೆರಳು ಕುಣಿಯುತ್ತಿದ್ದದ್ದನ್ನು ನಾನೂ ಅಣ್ಣನೂ ಒಟ್ಟಿಗೇ ನೋಡಿದೆವು.

ಜಗಳ ಅಲ್ಲಿಂದಲೇ ಶುರುವಾಯಿತು. ಅಪ್ಪನಿಗೊಂದು ವೂಫರ್ ಬೇಕು ಎಂಬಲ್ಲಿ ಇಬ್ಬರದೂ ಒಂದೇ ಮಾತು. ಆ ಟವೆಲ್ಲಿನ ಗಂಟು ಮತ್ತೆ ಬಿಚ್ಚಬೇಕು ಎಂಬುದು ಇಬ್ಬರ ಆಸೆಯೂ ಆಗಿತ್ತು. ಅಣ್ಣ, "ನಾಳೇನೇ ಇಂಥದ್ದೇ ಇನ್ನೊಂದು ತಂದ್ಬುಡ್ತೀನಿ" ಎಂದ.

"ಇದು ಸಿನಿಮಾಗೆ ಸರಿ. ಎಲ್ಲಾ ಸದ್ದನ್ನೂ ಒಂದೇ ಥರ ಗುಮ್ ಅನ್ಸುತ್ತೆ. ಮೃದಂಗಕ್ಕಾಗಲ್ಲ" ಎಂದೆ ನಾನು.

"ಓಹೋ. ಕಂಪನಿಯವ್ರೆಲ್ಲ ದಡ್ಡರು, ನೀನೊಬ್ಳು ಬುದ್ಧಿವಂತೆ."

"ಕಂಪನಿಯವ್ರು ನಮ್ಮಪ್ಪನ ಕಿವಿ ನೋಡಿ ಮಾಡಿದಾರಾ?"

"ನೀನು ಮಾಡೋ ಹೊತ್ಗೆ ಅಪ್ಪಂಗಿರೋ ಕಿವೀನೂ ಹೋಗಿರುತ್ತೆ ಕಣೆ."

ಆ ಮಾತು ನನಗೆ ಚುಚ್ಚಿತು. ಅಣ್ಣನಿಗೂ ಆಡಬಾರದಿತ್ತು ಅನ್ನಿಸಿರಬೇಕು, ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದುಕೊಟ್ಟ. ಮರುದಿನದಿಂದಲೇ ನಾನು ಕೆಲಸಕ್ಕೆ ಇಳಿದೆ.

ಸ್ಪೀಕರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ದಪ್ಪ ಪ್ಲೈವುಡ್ಡನ್ನು ಬನ್ನಿಮಂಟಪದ ಮರಗೆಲಸದವರೊಬ್ಬರಿಂದ ಅಳತೆಗೆ ಕೊಯ್ಯಿಸಿದೆ. ಇದು ಬೀಗವಿಲ್ಲದ, ಬಾಗಿಲಿಲ್ಲದ, ಎದುರಿಗೆ ಎರಡು ದುಂಡು ತೂತಿರುವ ಪೆಟ್ಟಿಗೆ ಎಂದಾಗ ಅವರು, "ನಾಯಿಗಾ ಮೇಡಂ?" ಎಂದರು. ದೊಡ್ಡ ತೂತು ಸ್ಪೀಕರಿಗೆ. ಸಣ್ಣ ತೂತು ಒಳಗಿನ ಗಾಳಿ ಹೊರಗೆ ಬಂದು ಹೋಗಲು. ಆ ಸಣ್ಣ ತೂತಿಗೆ ನಲ್ಲಿ ಸಾಮಾನಿನ ಅಂಗಡಿಯಿಂದ ತಂದ ಪಿವಿಸಿ ಪೈಪಿನ ಒಂದು ತುಂಡು ತೂರಿಸಬೇಕು. ಪೈಪು ಎಷ್ಟು ಉದ್ದ ಇರುತ್ತದೆಯೋ ಅದರ ಮೇಲೆ ಸದ್ದು ಎಷ್ಟು ತಗ್ಗಿಗೆ ಇಳಿಯುತ್ತದೆ ಎಂಬುದು ನಿಂತಿರುತ್ತದೆ. ಈ ಪೈಪಿನ ಉದ್ದದಲ್ಲೇ ನನ್ನ ಎಷ್ಟೋ ಭಾನುವಾರಗಳು ಕಳೆದವು. ಸ್ವಲ್ಪ ಕೊಯ್ಯುವುದು, ಕೇಳುವುದು, ಮತ್ತೆ ಸ್ವಲ್ಪ ಕೊಯ್ಯುವುದು. ಹೆಚ್ಚು ಕೊಯ್ದರೆ ಹೊಸ ಪೈಪು.

ಜಗಲಿಯ ತುಂಬ ಮರದ ಹೊಟ್ಟು, ಗೋಂದು, ವೈರಿನ ಚೂರು. ಅಮ್ಮನಿಗೆ ಮನೆ ಗುಡಿಸಿ ಸಾಕಾಗಿತ್ತು. "ನೋಡೋಕ್ ಬಂದೋರು ಹುಡ್ಗಿ ಏನ್ ಮಾಡ್ತಾಳೆ ಅಂದ್ರೆ ಬಡಗಿ ಕೆಲ್ಸ ಅನ್ನಲೇನೇ?" ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ, ಗೋಂದು ಒಣಗುವವರೆಗೆ ಹಲಗೆಗಳ ಮೇಲೆ ಭಾರ ಬೇಕೆಂದಾಗ ಒಳಗಿನಿಂದ ರುಬ್ಬುಗುಂಡು ಎತ್ತಿಕೊಂಡು ಬಂದಳು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನನ್ನ ಕೆಲಸ ನೋಡುತ್ತಿದ್ದರು. ಏನು, ಯಾಕೆ ಎಂದು ಕೇಳಲಿಲ್ಲ. ಯಾರಿಗೆ ಎಂದು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಕೊನೆಗೆ ಒಂದು ಗುರುವಾರ ಪೆಟ್ಟಿಗೆ ಮುಗಿಯಿತು. ಟೇಪ್ ರೆಕಾರ್ಡರಿನ ಸಣ್ಣ ಸ್ಪೀಕರುಗಳು ತಮ್ಮ ಪಾಡಿಗೆ ಹಾಡುತ್ತಿದ್ದವು. ವೂಫರಿಗೆ ನಾನೇ ಕಟ್ಟಿದ ಬೇರೆ ಆಂಪ್ಲಿಫೈಯರ್ ಇತ್ತು, ಅದಕ್ಕೆ ಬೇರೆಯದೇ ಫ್ಯೂಸ್ ಇತ್ತು. ಅದರ ಹಿಂದಿನ ಸೋಮವಾರ ನಾನೇ ಮಠಕ್ಕೆ ಹೋಗಿ ಭಜನೆಯನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದಿದ್ದೆ. ಮೃದಂಗದ ಬಲಗಡೆ ಟಣ್ ಎನ್ನುವ ಚೂಪು ಸದ್ದಿನದು. ಎಡಗಡೆಗೆ ರವೆ ಕಲಸಿ ಮೆತ್ತಿರುತ್ತಾರೆ, ಅಲ್ಲಿಂದ ಬರುವುದು ಗುಮ್ಮೆನ್ನುವ ತಗ್ಗಿನ ಸದ್ದು. ಮೇಷ್ಟ್ರನ್ನು ಕೇಳಿಕೊಂಡು ಮೈಕನ್ನು ಆ ಎಡಗಡೆಗೆ ಹತ್ತಿರ ಇಟ್ಟಿದ್ದೆ. ಅವರು ಯಾಕೆಂದು ಕೇಳಲಿಲ್ಲ. "ಯಜಮಾನ್ರು ಎಂಗವ್ರೆ?" ಎಂದಷ್ಟೇ ಕೇಳಿದರು.

ಜಗಲಿಯಲ್ಲಿ ಆ ಕ್ಯಾಸೆಟ್ಟನ್ನು ಹಾಕಿ ಕೇಳಿದೆ. ಎಡಗೈಯ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ, ತುಂಬಿಕೊಂಡು, ತಿಳಿಯಾಗಿ ಬಂತು. ನನಗೆ ಆಕಾಶಕ್ಕೆ ಮೂರೇ ಗೇಣು. ಶುಕ್ರವಾರ ಒಳ್ಳೆಯ ದಿನ, ಮನೆಯ ಹಜಾರದಲ್ಲಿ ಆವತ್ತೇ ಶುರು ಮಾಡು ಎಂದು ಅಮ್ಮ ಹೇಳಿದ್ದಕ್ಕೆ ಒಪ್ಪಿದೆ. ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಅಪ್ಪನ ಕುರ್ಚಿಯ ಎದುರಿಗೆ, ಗೋಡೆ ಪಕ್ಕ ಇಟ್ಟೆ. ಅಮ್ಮ ಅದಕ್ಕೆ ವಿಭೂತಿ ಬಳಿದು, ಹೂವಿಟ್ಟು, ಮಂಗಳಾರತಿ ಮಾಡುವಷ್ಟರಲ್ಲಿ ನಾನು ಉದ್ದದ ವೈರು ತರಲು ಅಂಗಡಿಗೆ ಹೋಗಿ ಬಂದೆ. ಅಣ್ಣನಿಗೂ ಬರಹೇಳಿದ್ದೆ. ಅವನು ಬಂದ. ಕ್ಯಾಸೆಟ್ ಹಾಕಿದೆ.

ಗುಮ್ ಎನ್ನಬೇಕಾದ ಕಡೆ ಗುಮ್ ಎಂದಿತು. ಅದರ ಬಾಲಕ್ಕೆ ಚರ್ರ್ ಎಂದು ಇನ್ನೊಂದು ಸದ್ದೂ ಸೇರಿಕೊಂಡಿತು. ಒಂದೊಂದು ಪೆಟ್ಟಿಗೂ ಚರ್ರ್, ಚರ್ರ್. ನಡುವೆ ಟಕ್ ಟಕ್ ಎಂದು ಏನೋ ಬಡಿದಂತೆ. ನಿನ್ನೆ ಇಲ್ಲದ ಸದ್ದು ಇವತ್ತು ಎಲ್ಲಿಂದ ಬಂತು ಎಂದು ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಅಣ್ಣನ ಮೀಸೆ ನಗುತ್ತಿತ್ತು. ಅಪ್ಪ ಹಾಡು ಮುಗಿಯುವವರೆಗೂ ಕೂತಿದ್ದು, "ಚೆನ್ನಾಗದೆ ಕಣಮ್ಮ" ಎಂದರು.

ನನಗೆ ಅಳು ಬರುವುದೊಂದೇ ಬಾಕಿ. ಇಷ್ಟು ಕರ್ಕಶವಾದದ್ದನ್ನು ಕೇಳಿ ಚೆನ್ನಾಗಿದೆ ಎನ್ನುತ್ತಿದ್ದಾರೆಂದರೆ, ಅದು ನನ್ನ ಮನಸ್ಸು ನೋಯಿಸಬಾರದೆಂದು ಹೇಳಿದ ಮಾತು ಎಂದುಕೊಂಡೆ.

ಆಮೇಲಿನ ದಿನಗಳಲ್ಲಿ ಲ್ಯಾಬಿನಿಂದ ಬಂದವಳೇ ಪೆಟ್ಟಿಗೆಯ ಮುಂದೆ ಕೂರುತ್ತಿದ್ದೆ. ಸ್ಕ್ರೂಗಳನ್ನು ಬಿಗಿ ಮಾಡಿದೆ. ಹಲಗೆಗಳ ಸಂದಿಗೆ ಮತ್ತೆ ಗೋಂದು ತುಂಬಿದೆ. ಪೆಟ್ಟಿಗೆಯ ಕೆಳಗೆ ರಬ್ಬರ್ ಇಟ್ಟೆ. ಆಂಪ್ಲಿಫೈಯರಿನ ಒಂದೊಂದು ಸೋಲ್ಡರಿಂಗ್ ಟಾಕೆಯನ್ನೂ ಬಿಚ್ಚಿ ಮತ್ತೆ ಹಾಕಿದೆ, ಫ್ಯೂಸ್ ಹಾಳಾಗಿದ್ದಕ್ಕೆ ಕೈಗೆ ಸಿಕ್ಕ ಕಡಿಮೆ ತಾಕತ್ತಿನ ಚಿಕ್ಕದೊಂದನ್ನು ತುರುಕಿದೆ. ಏನು ಮಾಡಿದರೂ ಚರ್ರ್ ಹೋಗಲಿಲ್ಲ. ಉಳಿದದ್ದು ಒಂದೇ ಕಾರಣ. ಹಜಾರಕ್ಕೆ ಸಾಗಿಸುವಾಗ ಸ್ಪೀಕರಿನ ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಓರೆಯಾಗಿ ಈಗ ಉಜ್ಜುತ್ತಿರಬೇಕು. ಹಾಗಾಗಿದ್ದರೆ ಸ್ಪೀಕರನ್ನೇ ಎಸೆಯಬೇಕು. ಅದನ್ನು ಗಾಳಿ ಸೋರದಂತೆ ಗೋಂದಿನಲ್ಲಿ ಕೂರಿಸಿದ್ದೆ, ಬಿಚ್ಚಲು ಹೋದರೆ ಕಾಗದದ ಶಂಕು ಹರಿಯುತ್ತದೆ. "ಕಾಯಿಲ್ ಹೋಗಿದೆ" ಎಂದು ಮನೆಯಲ್ಲಿ ಹೇಳಿದೆ. ಅಮ್ಮ, "ಓದ್ರೆ ಓಯ್ತು ಬುಡು, ನೀನು ಊಟ ಮಾಡು" ಎಂದಳು.

ಅಣ್ಣ ಮುಂದಿನ ವಾರದ ಶನಿವಾರ ದೊಡ್ಡ ರಟ್ಟಿನ ಡಬ್ಬ ಹೊತ್ತುಕೊಂಡು ಬಂದ. ಥರ್ಮಾಕೋಲಿನ ನಡುವಿನಿಂದ ಹೊಳೆಯುವ ಕಪ್ಪು ಪೆಟ್ಟಿಗೆ ತೆಗೆದ. ಎರಡು ವೈರು ಸಿಕ್ಕಿಸಿದ, ಅಷ್ಟೇ. ಗೋಂದಿಲ್ಲ, ಹೊಟ್ಟಿಲ್ಲ, ರುಬ್ಬುಗುಂಡಿಲ್ಲ. ರಿಮೋಟ್ ಬೇರೆ ಇತ್ತು. ನಾನು ನನ್ನ ಪೆಟ್ಟಿಗೆಯನ್ನು ಮೂಲೆಗೆ ಸರಿಸಿದೆ. ಅದೇ ಕ್ಯಾಸೆಟ್ ಹಾಕಿದೆವು. ಸುಳ್ಳು ಹೇಳಬಾರದು, ಚರ್ರ್ ಇರಲಿಲ್ಲ. ಆದರೆ ಮೃದಂಗದ ಬದಲು ಯಾರೋ ಅಟ್ಟದ ಮೇಲಿಂದ ಅಕ್ಕಿಮೂಟೆ ಎತ್ತಿಹಾಕುತ್ತಿರುವ ಹಾಗಿತ್ತು. ಪೆಟ್ಟು ಯಾವುದೇ ಇರಲಿ, ಮೂಟೆ ಅದೇ. ಇದನ್ನು ಬಾಯಿಬಿಟ್ಟು ಹೇಳುವ ಯೋಗ್ಯತೆ ಆವತ್ತು ನನಗಿರಲಿಲ್ಲ. ಅಪ್ಪ ಹಾಡು ಮುಗಿಯುವವರೆಗೂ ಕೂತಿದ್ದರು. ಆಮೇಲೆ ಅಣ್ಣನ ಕಡೆ ತಿರುಗಿ, "ಚೆನ್ನಾಗದೆ ಕಣೋ" ಎಂದರು.

ಅದೇ ಮಾತು, ಅದೇ ನಗು. ಅಣ್ಣನ ಮೀಸೆಯ ನಗು ಮಾಯವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಜಗಲಿಗೆ ಬಂದು ಕೂತೆವು. "ಅಪ್ಪಂಗೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗ್ತಿಲ್ಲ ಅಲ್ವೇನೆ?" ಎಂದು ಅಣ್ಣ ಕೇಳಿದ. ನಾನು ಹೂಂ ಎಂದೆ. "ಏನೂ ಕೇಳ್ಸ್ತಾ ಇಲ್ವೇನೋ. ನಮ್ಮಿಬ್ರಿಗೂ ಬೇಜಾರಾಗ್ದೆ ಇರ್ಲಿ ಅಂತ ಹೇಳ್ತಿದಾರೆ" ಎಂದ ಅವನು. ಇಬ್ಬರಿಗೂ ಆ ಹೊತ್ತಿನಲ್ಲಿ ಗೆಲ್ಲುವ ಆಸೆ ಉಳಿದಿರಲಿಲ್ಲ. ಪರೀಕ್ಷೆಯ ಆ ಗೆರೆ ಎಡಗಡೆಗೂ ಜಾರಿಬಿಟ್ಟಿದೆಯೇನೋ ಎಂದು ನನಗೆ ಹೆದರಿಕೆ ಹತ್ತಿತು. ಹಾಗೇನಾದರೂ ಆಗಿದ್ದರೆ ಕೊಂಡ ಪೆಟ್ಟಿಗೆಯೂ ಒಂದೇ, ಕಟ್ಟಿದ ಪೆಟ್ಟಿಗೆಯೂ ಒಂದೇ. ತಾಳದ ಗಂಟು ಇನ್ನು ಬಿಚ್ಚುವುದಿಲ್ಲ.

ಮಾರನೆಯ ದಿನ ಭಾನುವಾರ. ಅಣ್ಣ ಮತ್ತೆ ಬಂದಿದ್ದ. ಸುಮ್ಮನೆ ಕೂತರೆ ಯೋಚನೆ ಹೆಚ್ಚುತ್ತದೆ ಎಂದು ನನ್ನ ಪೆಟ್ಟಿಗೆಯನ್ನು ಬಿಚ್ಚಿಯೇಬಿಡೋಣ, ಸ್ಪೀಕರ್ ಉಳಿದರೆ ಉಳಿಯಲಿ ಎಂದುಕೊಂಡು ಹಜಾರದಲ್ಲಿ ಚಾಪೆ ಹಾಸಿದೆ. ಅಣ್ಣ ಒಂದು ಕಡೆ, ನಾನು ಒಂದು ಕಡೆ ಹಿಡಿದು ಪೆಟ್ಟಿಗೆಯನ್ನು ಮುಖ ಕೆಳಗಾಗಿ ಬೋರಲು ಮಾಡಿದೆವು. ಒಳಗೆ ಸರ್ರ್ ಎಂದು ಏನೋ ಜಾರಿತು. ಪೈಪಿನ ಬಾಯಿಂದ ಚಾಪೆಯ ಮೇಲೆ ಅಕ್ಕಿ ಸುರಿಯಿತು. ಅಲ್ಲಾಡಿಸಿದೆವು, ಇನ್ನಷ್ಟು ಅಕ್ಕಿ. ಅದರ ಹಿಂದೆ ಒಂದು ಅರಿಶಿನದ ಕೊಂಬು, ಎರಡು ಬಟ್ಟಲಡಿಕೆ, ಬೆಲ್ಲದ ತುಂಡು, ಕೊನೆಗೆ ಟಣ್ ಎಂದು ಒಂದು ನಾಣ್ಯ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಯ್ಯೋ, ಚೆಲ್ಬುಟ್ಟೆಯಲ್ಲೇ" ಎಂದಳು.

ನಾನು ಅವಳ ಮುಖ ನೋಡಿದೆ. "ನೀನಾ ಹಾಕಿದ್ದು?"

"ಇನ್ಯಾರ್ ಆಕ್ತಾರೆ? ಒಸಾ ಪೆಟ್ಗೆ ಮನೆ ಒಳಕ್ಕೆ ಬಂದ್ರೆ ಯಾರಾದ್ರೂ ಬರ್ದಾಗ್ ಇಡ್ತಾರಾ? ನಿಮ್ಮಣ್ಣನ ಬೀರುವಿಗೂ ಆಕಿದ್ದೆ. ಇದಕ್ಕೆ ಬಾಗ್ಲಿರ್ಲಿಲ್ಲ, ಬಾಯಿತ್ತು. ಬಾಯ್ಗೆ ಆಕ್ದೆ."

"ಇಷ್ಟು ದಿನ ಚರ್ರ್ ಅಂತಾ ಇತ್ತಲ್ಲಮ್ಮ. ನಾನು ತಲೆ ಚಚ್ಕೋತಾ ಇದ್ದೆ. ಒಂದ್ ಮಾತು ಹೇಳ್ಬಾರ್ದಾ?"

"ನೀನು ಕಾಯಿಲು ಕಾಯಿಲು ಅಂತಿದ್ದೆ. ಅಕ್ಕಿ ಅಂತ ಯಾವಾಗ್ ಕೇಳ್ದೆ?"

ಅಣ್ಣ ಚಾಪೆಯ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ತಡೆಯಲಾಗಲಿಲ್ಲ. ಹೊಸ ಬೀರು, ಹೊಸ ಡಬ್ಬ, ಹೊಸ ಪೆಟ್ಟಿಗೆ ಯಾವುದು ಬಂದರೂ ಮೊದಲು ಒಂದು ಹಿಡಿ ಅಕ್ಕಿ, ಬೆಲ್ಲ, ಅರಿಶಿನದ ಕೊಂಬು ಇಡುವುದು ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಗಾಳಿ ಆಡುವ ಪೆಟ್ಟಿಗೆಯೂ ಅಮ್ಮನ ಲೆಕ್ಕದಲ್ಲಿ ಪೆಟ್ಟಿಗೆಯೇ ಎಂಬುದು ನನಗೆ ಹೊಳೆದಿರಲಿಲ್ಲ. ನನ್ನ ಕಾಯಿಲ್ ನೆಟ್ಟಗಿತ್ತು. ನನ್ನ ಟಾಕೆ, ನನ್ನ ಗೋಂದು, ನನ್ನ ಪೈಪು ಎಲ್ಲ ಸರಿಯಿತ್ತು. ತಲೆಯ ಮೇಲಿಂದ ಯಾರೋ ಆ ರುಬ್ಬುಗುಂಡನ್ನು ಇಳಿಸಿದಂತಾಯಿತು.

ಅಮ್ಮ ಮಾತ್ರ ಪೆಟ್ಟಿಗೆಯನ್ನು ಬರಿದಾಗಿ ಇಡಲು ಬಿಲ್‌ಕುಲ್ ಒಪ್ಪಲಿಲ್ಲ. ಕೊನೆಗೆ ಅದೇ ಅಕ್ಕಿ ಅರಿಶಿನವನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಪೈಪಿನೊಳಗೆ ಕೈ ತೂರಿಸಿ, ಒಳಗಿನ ಹಲಗೆಗೆ ಗೋಂದು ಬಳಿದು ಅಂಟಿಸಿದೆ. ಅಣ್ಣನೇ ತನ್ನ ಕಪ್ಪು ಪೆಟ್ಟಿಗೆಯ ವೈರು ಕಿತ್ತು ನನ್ನದಕ್ಕೆ ಸಿಕ್ಕಿಸಲು ನೆರವಾದ.

ಮಧ್ಯಾಹ್ನದ ಊಟವಾದ ಮೇಲೆ ಕ್ಯಾಸೆಟ್ ಹಾಕಿದೆವು. ಎಡಗೈಯ ಪೆಟ್ಟುಗಳು ಜಗಲಿಯಲ್ಲಿ ಕೇಳಿದ್ದಂತೆಯೇ ತಿಳಿಯಾಗಿ ಬಂದವು. ಅಪ್ಪ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಅವರು ನಿಜವಾಗಿ ಕೇಳುತ್ತಿದ್ದಾರೋ, ಊಟದ ಜೊಂಪೋ ನನಗೆ ತಿಳಿಯಲಿಲ್ಲ. ಚೆನ್ನಾಗದೆ ಎಂದು ಈಗಲೂ ಹೇಳುತ್ತಾರೆ, ಅದನ್ನು ನಾವು ನಂಬುವ ಹಾಗಿಲ್ಲ ಎಂದುಕೊಂಡು ಅವರ ಮುಖವನ್ನೇ ನೋಡುವುದನ್ನು ಬಿಟ್ಟೆ. ಅಮ್ಮ ಬೆಳ್ಳುಳ್ಳಿ ಸುಲಿಯಲು ಕೂತಳು, ಅಣ್ಣನೂ ನಾನೂ ಒಂದೊಂದು ಹಿಡಿ ತೆಗೆದುಕೊಂಡೆವು. ಅಕ್ಕಿಯ ವಿಷಯ ಅತ್ತಿಗೆಗೆ ಹೇಗೆ ಹೇಳುವುದೆಂದು ಅಣ್ಣ ಈಗಲೇ ಬಣ್ಣ ಕಟ್ಟುತ್ತಿದ್ದ. ಹಾಡು ತನ್ನ ಪಾಡಿಗೆ ಸಾಗಿತ್ತು.

ಅಪ್ಪ ಕಣ್ಣು ಬಿಟ್ಟರು. "ಇದ್ಯಾಕೆ?" ಎಂದರು.

ನಾವು ಮೂವರೂ ತಲೆ ಎತ್ತಿದೆವು. ಏನೂ ಆಗಿರಲಿಲ್ಲ. ಹಾರ್ಮೋನಿಯಂ ಕೇಳುತ್ತಿತ್ತು, ಹಾಡುವವರ ದನಿ ಕೇಳುತ್ತಿತ್ತು. ಅಣ್ಣ ಹತ್ತಿರ ಹೋಗಿ, ನಿಧಾನವಾಗಿ, "ಏನಪ್ಪಾ? ಹಾಡು ಬರ್ತಾನೇ ಇದ್ಯಲ್ಲ" ಎಂದ.

"ಆಡಿನ್ ಮಾತಲ್ಲ ಕಣೋ" ಎಂದು ಅಪ್ಪ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅವರ ಇನ್ನೊಂದು ಕೈ ಮಂಡಿಯ ಮೇಲೆ ತಾಳದ ನಡುವೆಯೇ ನಿಂತಿತ್ತು. "ಮೇಷ್ಟ್ರು ಎಡಗೈ ಎತ್ಬುಟ್ರು ನೋಡು."

ನಾನು ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಅದು ಸತ್ತಂತೆ ಸುಮ್ಮನಿತ್ತು. ಆಂಪ್ಲಿಫೈಯರಿನ ದೀಪ ಆರಿತ್ತು. ಗಡಿಬಿಡಿಯಲ್ಲಿ ತುರುಕಿದ್ದ ಆ ಚಿಕ್ಕ ಫ್ಯೂಸ್ ಹೋಗಿತ್ತು. ಸಣ್ಣ ಸ್ಪೀಕರುಗಳು ಹಾಡನ್ನೂ ಹಾರ್ಮೋನಿಯಮನ್ನೂ ಮೃದಂಗದ ಬಲಗಡೆಯನ್ನೂ ಹಾಡುತ್ತಲೇ ಇದ್ದವು. ಹೋಗಿದ್ದದ್ದು ಎಡಗೈ ಒಂದೇ. ನೆಟ್ಟಗೆ ಕಿವಿಯಿದ್ದ ನಾವು ಮೂವರು ಬೆಳ್ಳುಳ್ಳಿ ಸುಲಿಯುತ್ತಿದ್ದೆವು. ಅದು ಗೊತ್ತಾಗಿದ್ದು ಅಪ್ಪನಿಗೆ.

ಆಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಅಕ್ಕಿಯ ಚರ್ರ್ ಚೂಪು ಸದ್ದು. ಅಪ್ಪನ ಕಿವಿಗೆ ಅದು ಇರಲೇ ಇಲ್ಲ. ನಮಗೆಲ್ಲ ಚರ್ರ್ ಎನ್ನುತ್ತಿದ್ದಾಗ ಅವರಿಗೆ ಮೃದಂಗ ಶುದ್ಧವಾಗಿಯೇ ಕೇಳುತ್ತಿತ್ತು. ಚೆನ್ನಾಗದೆ ಎಂದು ಮೊದಲ ದಿನ ಹೇಳಿದ್ದು ನನ್ನನ್ನು ಸಮಾಧಾನಪಡಿಸಲು ಅಲ್ಲ, ಅದು ಚೆನ್ನಾಗಿತ್ತು. ನಾನು ಅಲ್ಲೇ ಪೆಟ್ಟಿಗೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ನಿರಾಳವಾದದ್ದು ಅದಕ್ಕೆ ಮೊದಲು ನನಗೆ ನೆನಪಿಲ್ಲ. ಅಣ್ಣ ಮೂಗು ಒರೆಸಿಕೊಳ್ಳುತ್ತಾ, "ನಂದ್ರಲ್ಲೂ ಗೊತ್ತಾಗ್ತಿತ್ತು ಕಣೆ, ಅದ್ರ ಫ್ಯೂಸ್ ಹೋಗ್ಲಿಲ್ಲ ಅಷ್ಟೇ" ಎಂದ. ಇದ್ದರೂ ಇರಬಹುದು. ನಾವು ಅದನ್ನು ಪರೀಕ್ಷೆ ಮಾಡಲಿಲ್ಲ. ಅವನು ಸಂಜೆ ತನ್ನ ಕಪ್ಪು ಪೆಟ್ಟಿಗೆಯನ್ನು ಥರ್ಮಾಕೋಲಿಗೆ ಸೇರಿಸಿ ವಿಜಯನಗರಕ್ಕೆ ತೆಗೆದುಕೊಂಡು ಹೋದ. ಅವನ ಮನೆಯಲ್ಲಿ ಆಮೇಲೆ ಮೂಲೆಗೊಂದರಂತೆ ಎರಡು ವೂಫರುಗಳಾದವು. ಸಿನಿಮಾ ನೋಡಲು ನಾವೆಲ್ಲ ಅಲ್ಲಿಗೇ ಹೋಗುತ್ತಿದ್ದೆವು.

ಸರಿಯಾದ ಫ್ಯೂಸ್ ಹಾಕಿದ ಮೇಲೆ ಅಪ್ಪ 'ಚೆನ್ನಾಗದೆ' ಎನ್ನಲಿಲ್ಲ. ಕ್ಯಾಸೆಟ್ಟಿನ ಎರಡೂ ಕಡೆ ಮುಗಿಯುವವರೆಗೆ ಮಂಡಿಯ ಮೇಲೆ ತಾಳ ಹಾಕಿದರು. ಆಮೇಲೆ, "ಎಡಗಡೆ ಇಷ್ಟ್ ಚೆನ್ನಾಗ್ ಕೇಳ್ಸ್ಬೇಕಾದ್ರೆ ಮೈಕು ಎಲ್ಲಿಟ್ಟಿದ್ದೆ?" ಎಂದು ಕೇಳಿದರು. ಮೇಷ್ಟ್ರ ಎಡಕ್ಕೆ, ಒಂದು ಗೇಣು ದೂರದಲ್ಲಿ ಎಂದು ಕೈಯಲ್ಲಿ ಅಳೆದು ತೋರಿಸಿದೆ. ಅಪ್ಪ ಆ ಗೇಣನ್ನು ಸ್ವಲ್ಪ ಹೊತ್ತು ನೋಡಿದರು.

ಮರುದಿನ ಸೋಮವಾರ. ನಾನು ಲ್ಯಾಬಿನಿಂದ ಬರುವ ಹೊತ್ತಿಗೆ ಅಪ್ಪನ ಕುರ್ಚಿ ಖಾಲಿಯಿತ್ತು. ಅಮ್ಮನೂ ಇರಲಿಲ್ಲ. ದೇವರ ಗೂಡಿನ ಕೆಳಗಿನ ಖಾನೆ ತೆರೆದುಕೊಂಡಿತ್ತು, ಹಳೆಯ ಟವೆಲ್ಲು ನೆಲದ ಮೇಲೆ ಬಿದ್ದಿತ್ತು. ನಾನು ಮತ್ತೆ ಚಪ್ಪಲಿ ಮೆಟ್ಟಿ ಹಾಗೇ ಮಠದ ಕಡೆ ನಡೆದೆ. ಹಜಾರದ ಬಾಗಿಲಲ್ಲಿ ನಿಂತು ನೋಡಿದರೆ, ಅಪ್ಪ ಮೊದಲಿನ ಜಾಗದಲ್ಲಿ ಇರಲಿಲ್ಲ. ಮೇಷ್ಟ್ರ ಎಡಕ್ಕೆ, ಮೃದಂಗಕ್ಕೆ ಮಂಡಿ ತಾಗುವಷ್ಟು ಹತ್ತಿರ ಕೂತಿದ್ದರು. ಮೇಷ್ಟ್ರು ಅವರಿಗಾಗಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿದ್ದರು. ಅಪ್ಪನ ಕೈಯಲ್ಲಿ ಕಂಚಿನ ತಾಳವಿತ್ತು. ಅದು ಅವರಿಗೆ ಕೇಳಿಸುತ್ತಿರಲಿಲ್ಲ, ನಮಗೆಲ್ಲ ಕೇಳಿಸುತ್ತಿತ್ತು, ಹಾಡಿನ ಜೊತೆ ಸರಿಯಾಗಿ ಬೀಳುತ್ತಿತ್ತು.